ಮೊದಲು ಆ ಹುಡುಗಿಗೆ, ಆಮೇಲೆ ದಾನಿಗೆ

ಪುಟ್ಟೀ, ಹೆಣ್ಣುಮಕ್ಕಳ ಓದಿಗೆ ನೆರವಾಗುವ ಟ್ರಸ್ಟಿನ ವೆಬ್‌ಸೈಟನ್ನು ಹೊಸದಾಗಿ ಮಾಡಿಕೊಡಲು ನೀನೂ ನಿನ್ನ ಗೆಳೆಯರೂ ಒಪ್ಪಿಕೊಂಡಿದ್ದೀರಿ ಅಂತ ಕೇಳಿ ಬಹಳ ಖುಷಿಯಾಯಿತು. ಕೋಡು, ಲೇಔಟು, ಬಣ್ಣ ಎಲ್ಲ ನಿಮಗೆ ಬಿಟ್ಟಿದ್ದು. ಬೆಂಗಳೂರಿನ ದಂಡಿನ ಕಡೆಯ ಹೈಸ್ಕೂಲುಗಳಲ್ಲಿ ಪಾಠ ಹೇಳುತ್ತಲೇ ತಲೆ ನರೆತ ಈ ದೊಡ್ಡಮ್ಮ ಹೇಳುವುದು ಒಂದೇ ಮಾತು: ಆ ಪುಟದ ಮೊದಲ ಓದುಗರು ಓದಬೇಕೆನ್ನುವ ಹುಡುಗಿ ಮತ್ತು ಅವಳ ತಾಯಿ. ದಾನಿ ಆಮೇಲೆ.

ಇಂದಿರಾನಗರದ ಆಫೀಸಿನಲ್ಲಿ ದೊಡ್ಡ ಪರದೆಯ ಮುಂದೆ ಕೂತಾಗ ಇದು ಮರೆತುಹೋಗುತ್ತದೆ. ಕೆ.ಆರ್. ಪುರದ ಕಡೆ ಕಟ್ಟಡದ ಕೆಲಸಕ್ಕೆ ರಾಯಚೂರು, ಯಾದಗಿರಿಯಿಂದ ಬಂದವರ ಮನೆಯನ್ನು ನೆನೆದುಕೋ. ಮನೆಗೊಂದೇ ಸ್ಮಾರ್ಟ್‌ಫೋನು, ಅದೂ ಅಪ್ಪನ ಜೇಬಿನಲ್ಲಿ. ಅವನು ರಾತ್ರಿ ಬಂದ ಮೇಲೆ ಹುಡುಗಿಗೆ ಅದು ಸಿಗುವುದು ಸ್ವಲ್ಪ ಹೊತ್ತು. ಪುಟ ತೆರೆದ ಕೂಡಲೇ ವಿಡಿಯೊ ಓಡತೊಡಗಿದರೆ ಆ ದಿನದ ಡೇಟಾ ಅಲ್ಲಿಗೇ ಮುಗಿಯಿತು. ಯಾರಿಗೆ ನೆರವು, ಯಾವ ಯಾವ ಕಾಗದ ಬೇಕು, ಕೊನೆಯ ದಿನಾಂಕ ಯಾವುದು ಎಂಬ ಮೂರು ಸಂಗತಿ ಮೊದಲ ಪರದೆಯಲ್ಲೇ ಇರಲಿ. ಅಲ್ಲೇ ಕೆಳಗೆ, ಒತ್ತಿದರೆ ಕರೆ ಹೋಗುವಂತೆ ಟ್ರಸ್ಟಿನ ಫೋನ್ ನಂಬರ್.

ಇನ್ನು ಭಾಷೆ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿದಾಗಿನಿಂದ ಈ ಕಡೆ ಹಲವು ಮಾತು ಒಟ್ಟಿಗೆ ಬಾಳಿಕೊಂಡು ಬಂದಿವೆ. ಶಿವಾಜಿನಗರದ ಎಷ್ಟೋ ತಾಯಂದಿರಿಗೆ ಉರ್ದು, ಹಲಸೂರಿನ ಎಷ್ಟೋ ಮನೆಗಳಲ್ಲಿ ತಮಿಳು. ಇಂಗ್ಲಿಷಿನಲ್ಲಷ್ಟೇ ಬರೆದರೆ ಅವರ್‍ಯಾರಿಗೂ ತಲುಪುವುದಿಲ್ಲ. ಕನ್ನಡ ಮೊದಲಿರಲಿ, ನೆರವಿನ ಪುಟವಾದರೂ ಉರ್ದು, ತಮಿಳಿನಲ್ಲಿ ಇರಲಿ. ಯಂತ್ರ ಮಾಡಿದ ಅನುವಾದವನ್ನು ಹಾಗೇ ಏರಿಸಬೇಡಿ, ಆಯಾ ಭಾಷೆಯ ಮೇಷ್ಟರೊಬ್ಬರಿಂದ ಓದಿಸಿ ತಿದ್ದಿಸಿ.

ಕನ್ನಡ ಹಾಕುವಾಗಲೂ ಜಾಗ ಕೊಟ್ಟು ಹಾಕು. ಇಂಗ್ಲಿಷಿಗೆ ಹೊಂದಿಸಿದ ಸಾಲುಗಳಲ್ಲಿ ‘ಪ್ರೋತ್ಸಾಹ’, ‘ವಿದ್ಯಾರ್ಥಿ’ ಎಂದು ಬರೆದರೆ ಒತ್ತಕ್ಷರ ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬಟನ್ನಿನೊಳಗೆ ಇಟ್ಟರೆ ಒತ್ತಿನ ಅರ್ಧವೇ ಮಾಯ. ಟ್ರಸ್ಟಿನ ಹಳೆಯ ಕಡತಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಬದಲಿಸು. ಹಾಗೇ ಅಂಟಿಸಿದರೆ ಫೋನಿನಲ್ಲಿ ಕಾಣುವುದು ಬರೀ ಅಕ್ಷರಗಳ ಕಲಸುಮೇಲೋಗರ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ, ಆ ಪುಟದ ವಿನ್ಯಾಸವೂ ಹಾಗೇ ತಿರುಗಬೇಕು.

ಮಾಹಿತಿಯನ್ನು ಯೋಜನೆಗಳ ಹೆಸರಿನಲ್ಲಿ ಜೋಡಿಸದೆ ಕ್ಲಾಸಿನ ಲೆಕ್ಕದಲ್ಲಿ ಜೋಡಿಸು. 2009ರ ಶಿಕ್ಷಣ ಹಕ್ಕು ಕಾಯ್ದೆ ಕೈಹಿಡಿಯುವುದು 6ರಿಂದ 14 ವರ್ಷದವರೆಗೆ ಮಾತ್ರ. ಎಂಟನೇ ಕ್ಲಾಸು ಮುಗಿದಾಗ ಒಮ್ಮೆ, ಎಸ್ಸೆಸ್ಸೆಲ್ಸಿ ಮುಗಿದಾಗ ಇನ್ನೊಮ್ಮೆ ಹುಡುಗಿಯರು ಕೈತಪ್ಪಿ ಹೋಗುತ್ತಾರೆ. ‘ನೀನು ಎಂಟನೇ ಕ್ಲಾಸೇ?’ ಎಂದು ಒತ್ತಿದರೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ವಿವರ ಬರಲಿ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೆ ವಿದ್ಯಾರ್ಥಿಯ ಸ್ಯಾಟ್ಸ್ ನಂಬರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕೆಂದೂ, ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅರ್ಜಿ ಹಾಕಬೇಕೆಂದೂ ಬಿಡಿಸಿ ಬರೆ. ಕಾಲೇಜು ದೂರ, ಬಸ್ಸಿಗೆ ದುಡ್ಡಿಲ್ಲ ಎನ್ನುವ ಮನೆಯವರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ ಎಂಬುದನ್ನೂ ನೆನಪಿಸು. ಮದುವೆ ಗೊತ್ತುಮಾಡಿ ಓದು ಬಿಡಿಸುತ್ತಿದ್ದಾರೆ ಎನ್ನುವ ಹುಡುಗಿಗಾಗಿ ಪ್ರತಿ ಪುಟದ ಕೊನೆಯಲ್ಲೂ ಮಕ್ಕಳ ಸಹಾಯವಾಣಿ 1098 ಇರಲಿ.

ಫೋಟೊ ವಿಷಯದಲ್ಲಿ ಗಟ್ಟಿಯಾಗಿರು. ದೇಣಿಗೆ ಬರಲೆಂದು ಅಳುವ ಮುಖ, ಹರಿದ ಲಂಗ, ‘ಕುಡುಕನ ಮಗಳು’ ಎಂಬ ಕಥೆ ಹಾಕುವವರಿದ್ದಾರೆ. ನಾಳೆ ಅವಳು ಕೆಲಸಕ್ಕೆ ಹೋದ ಕಡೆ ಯಾರೋ ಅದನ್ನು ಹುಡುಕಿ ತೆಗೆದರೆ ಅವಳ ಗತಿಯೇನು? ಹೆಸರು, ಶಾಲೆ, ಬೀದಿ ಮೂರನ್ನೂ ಒಟ್ಟಿಗೆ ಎಂದೂ ಹಾಕಬೇಡ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅಪ್ಪನ ರುಜು ಸಿಕ್ಕರೂ ಹುಡುಗಿಯನ್ನು ಕೇಳು. ಅವಳು ಬೇಡ ಎಂದರೆ ಬೇಡ.

ದಾನಿಗೂ ಗೌರವದ ಜಾಗ ಸಲ್ಲಬೇಕು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಶಾಲೆ ತೆರೆದದ್ದು ಇದೇ ದಂಡು ಪ್ರದೇಶದಲ್ಲಿ. ಕೊಡುವ ಕೈಗಳು ಇಲ್ಲಿ ಹಿಂದಿನಿಂದಲೂ ಇವೆ. ಅವರಿಗೆ ಬೇಕಾದದ್ದು ಲೆಕ್ಕ. ವರ್ಷದ ಆಡಿಟ್ ವರದಿ, ಒಂದು ಹುಡುಗಿಗೆ ತಗಲುವ ಖರ್ಚಿನ ವಿವರ, ತೆರಿಗೆ ರಿಯಾಯಿತಿಯ ರಸೀದಿ ಸುಲಭವಾಗಿ ಸಿಗಲಿ. ವಿದೇಶದ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ನೋಂದಣಿ ಬೇಕು, ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದ್ದರಿಂದ ಸ್ಥಳೀಯ ಖಾತೆಯ ನಂಬರನ್ನು ಎಲ್ಲರಿಗೂ ಒಂದೇ ಎಂಬಂತೆ ಹಾಕಬೇಡ.

ನೀವು ಕೈಬಿಟ್ಟ ಮೇಲೆ ದಿನಾಂಕ ಬದಲಿಸುವವರು ಯಾರು ಎಂದು ಈಗಲೇ ಗೊತ್ತುಮಾಡು. ಟ್ರಸ್ಟಿನ ಆಫೀಸಿನ ಹೆಣ್ಣುಮಗಳಿಗೆ ಆ ಕೆಲಸ ಕಲಿಸಿಕೊಡು. ಹೋದ ವರ್ಷದ ಕೊನೆಯ ದಿನಾಂಕ ಹಾಗೇ ಉಳಿದಿರುವ ಪುಟ ಒಂದು ಹುಡುಗಿಯ ಇಡೀ ವರ್ಷವನ್ನು ಕಳೆಯಬಲ್ಲದು.

ಕೊನೆಗೆ ಒಂದು ಕೋರಿಕೆ. ಉದ್ಘಾಟನೆಗೆ ದಿನ ಇಡುವ ಮುಂಚೆ ಶಿವಾಜಿನಗರಕ್ಕೋ ಕೆ.ಆರ್. ಪುರಕ್ಕೋ ಹೋಗು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಕೈಗೆ ಅವರ ಮನೆಯ ಫೋನಿನಲ್ಲೇ ಆ ಪುಟ ತೆರೆದುಕೊಟ್ಟು, ಪಕ್ಕದಲ್ಲಿ ತಾಯಿಯನ್ನೂ ಕೂರಿಸಿ, ನೀನು ಬಾಯಿ ಬಿಡದೆ ನೋಡು. ಅವಳು ಎಲ್ಲಿ ತಡವರಿಸುತ್ತಾಳೋ ಅಲ್ಲಿ ತಿದ್ದು. ಯಾರನ್ನೂ ಕೇಳದೆ ಅವಳು ಅರ್ಜಿ ಮುಗಿಸಿದ ದಿನ ನಿಮ್ಮ ವೆಬ್‌ಸೈಟ್ ಸಿದ್ಧವಾಗಿದೆ ಎಂದು ತಿಳಿ.