ಕಡಲಡಿಯ ಕಲ್ಲು, ಮುಳುಗಿದ ಹಡಗು: ಹೊಳೆದಡದವರಿಗೊಂದು ಪರಿಚಯ

ನಂಜನಗೂಡಿನಲ್ಲಿ ಕಪಿಲೆಗೆ ಗಾಳ ಹಾಕುವವರನ್ನು ಗಮನಿಸಿ. ಬರೀ ಮರಳಿರುವ ಜಾಗಕ್ಕಿಂತ 1735ರ ಹಳೆಯ ಸೇತುವೆಯ ಕಂಬದ ಬುಡ, ನೀರೊಳಗಿನ ಬಂಡೆಯ ಮಗ್ಗುಲು, ಉರುಳಿಬಿದ್ದ ಮರದ ಬೇರು, ಇಂಥ ಕಡೆಯೇ ಅವರ ಕಣ್ಣು. ಗಟ್ಟಿಯಾದದ್ದೊಂದು ನೀರಿನಲ್ಲಿ ನಿಂತರೆ ಅದರ ಹಿಂದೆ ಸೆಳೆತ ಕಡಿಮೆಯಾಗುತ್ತದೆ. ಮೈಮೇಲೆ ಪಾಚಿ ಕಟ್ಟುತ್ತದೆ. ಪಾಚಿಗೆ ಹುಳು ಬರುತ್ತವೆ, ಹುಳಕ್ಕೆ ಸಣ್ಣ ಮೀನು, ಸಣ್ಣದಕ್ಕೆ ದೊಡ್ಡದು. ಇಷ್ಟು ತಿಳಿದವರಿಗೆ ಕಡಲಡಿಯ ದಿಬ್ಬವೂ ಮುಳುಗಿದ ಹಡಗೂ ಮುಕ್ಕಾಲು ಪಾಲು ಅರ್ಥವಾದಂತೆಯೇ. ಕರಾವಳಿಯ ಕಡಲಡಿ ಬಹುಪಾಲು ಕೆಸರು ಮತ್ತು ಮರಳು. ಅದರ ನಡುವೆ ಸಿಗುವ ಕಲ್ಲಾಗಲಿ ಕಬ್ಬಿಣವಾಗಲಿ ಜೀವಗಳಿಗೆ ಒಂದು ಆಸರೆ. ನಾವು ನೋಡಲು ಹೋಗುವುದು ಆ ಆಸರೆಯನ್ನೇ.

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹುಡುಗ ಹುಡುಗಿಯರು ಈಚೆಗೆ ನೇತ್ರಾಣಿಯ ಬಗ್ಗೆ ಕೇಳುತ್ತಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲೆ ಆಸೆ ಹುಟ್ಟುವುದು ಸಹಜ. ನೇತ್ರಾಣಿ ಇರುವುದು ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನಲ್ಲಿ, ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಕಡಿದಾದ ನಡುಗಡ್ಡೆ ಅದು. ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು. ಪ್ರವಾಸಿಗರು ದ್ವೀಪದ ಮೇಲೆ ಕಾಲಿಡಲು ಹೋಗುವುದಲ್ಲ, ಅದರ ಸುತ್ತಲಿನ ನೀರಿಗೆ ಹೋಗುವುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ನಿರಾಸೆಯಾಗಬಾರದು. ನೇತ್ರಾಣಿ ಲಕ್ಷದ್ವೀಪದಂಥ ಹವಳದ ದ್ವೀಪವಲ್ಲ. ಲಕ್ಷದ್ವೀಪದಲ್ಲಿ ನೆಲವೇ ಹವಳದಿಂದ ಆದದ್ದು. ನೇತ್ರಾಣಿಯಲ್ಲಿ ನೆಲ ಬಂಡೆ, ಹವಳ ಆ ಬಂಡೆಯ ಮೇಲೆ ಅಲ್ಲಲ್ಲಿ ಹಿಡಿದುಕೊಂಡು ಬೆಳೆದಿದೆ. ಹವಳ ಗಿಡವೂ ಅಲ್ಲ, ಬರೀ ಕಲ್ಲೂ ಅಲ್ಲ. ಅತಿ ಸಣ್ಣ ಪ್ರಾಣಿಗಳು ಒತ್ತೊತ್ತಾಗಿ ಕೂತು, ತಮ್ಮಡಿಗೆ ತಾವೇ ಸುಣ್ಣದ ಗೂಡು ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತದೆ. ಹಾಗಾಗಿ ಇಂಥ ಹವಳಕ್ಕೆ ಹಿಡಿದುಕೊಳ್ಳಲು ಗಟ್ಟಿ ನೆಲ ಬೇಕು, ಬೆಳಕು ತೂರುವ ತಿಳಿನೀರೂ ಬೇಕು. ಶರಾವತಿಯಂಥ ಹೊಳೆಗಳು ಕೆಸರು ತಂದು ಸುರಿಯುವ ದಡದಲ್ಲಿ ಎರಡೂ ಸಿಗುವುದು ಕಷ್ಟ. ದಡದಿಂದ ದೂರ ನಿಂತ ನೇತ್ರಾಣಿಗೆ ಎರಡೂ ಸಿಕ್ಕಿವೆ.

ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010, 2016, 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಈ ಸಂಕಟದ ನಡುವೆ ನಮ್ಮ ಕೈಯೂ ಸೇರಬಾರದು. ಮುಟ್ಟಬೇಡಿ, ಹವಳದ ಮೇಲೆ ನಿಲ್ಲಬೇಡಿ, ಕಾಲಿನ ರೆಕ್ಕೆಪಟ್ಟಿ ತಗುಲದಂತೆ ನೋಡಿಕೊಳ್ಳಿ. 2001ರಿಂದ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಚೂರು ಹವಳವನ್ನು ನೆನಪಿಗೆಂದು ಮನೆಗೆ ತರುವುದೂ ಅಪರಾಧ.

ಇನ್ನು ನೀರಿಗಿಳಿಯುವ ವಿಷಯ. ಸ್ನಾರ್ಕೆಲಿಂಗ್ ಎಂದರೆ ಕಣ್ಣಿಗೆ ಮುಖವಾಡ, ಬಾಯಿಗೆ ಕೊಳವೆ ಇಟ್ಟುಕೊಂಡು ನೀರಿನ ಮೇಲೇ ಮಲಗಿ ಕೆಳಗೆ ನೋಡುವುದು. ಲೈಫ್ ಜಾಕೆಟ್ ತೊಟ್ಟರೆ ಹೊಸಬರಿಗೂ ಆಗುತ್ತದೆ. ಸ್ಕೂಬಾ ಎಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಕೆಳಗೇ ಹೋಗುವುದು. ಮೊದಲ ಸಲದವರನ್ನು ತರಬೇತುದಾರರು ಹಿಡಿದುಕೊಂಡೇ ಇಳಿಸುತ್ತಾರೆ. ಈ ಪ್ರಾಥಮಿಕ ಡೈವ್‌ಗೆ ಸಾಮಾನ್ಯ ಮಿತಿ 12 ಮೀಟರ್. ಮುಂದಿನ ಕೋರ್ಸ್ ಮುಗಿಸಿದವರಿಗೆ 18 ಮೀಟರ್.

ಹೊಳೆಯಲ್ಲಿ ಈಜು ಕಲಿತವರು ಇಲ್ಲಿ ಒಂದು ಅಭ್ಯಾಸವನ್ನು ಪೂರ್ತಿ ತಿರುಗಿಸಿಕೊಳ್ಳಬೇಕು. ಚಿಕ್ಕಂದಿನಿಂದ ನಮಗೆ ಬಂದದ್ದು ಉಸಿರು ಬಿಗಿಹಿಡಿದು ಮುಳುಗುವುದು. ಸ್ಕೂಬಾದಲ್ಲಿ ಉಸಿರು ಬಿಗಿಹಿಡಿಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಏಕೆಂದು ಹೇಳುತ್ತೇನೆ, ನಿಧಾನವಾಗಿ ಓದಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ 10 ಮೀಟರ್ ಆಳದಲ್ಲಿ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಜಾಗ ಕೇಳುತ್ತದೆ. ಬಾಯಿ ಮುಚ್ಚಿಕೊಂಡು ಏರಿದರೆ ಶ್ವಾಸಕೋಶವೇ ಹರಿಯಬಹುದು. ಆದ್ದರಿಂದ ಉಸಿರಾಟ ನಿಲ್ಲಿಸಬಾರದು, ಏರುವುದು ನಿಧಾನವಾಗಿರಬೇಕು. ಸ್ನಾರ್ಕೆಲ್ ಹಾಕಿಕೊಂಡು ಉಸಿರು ಹಿಡಿದು ಮುಳುಗುವವರ ಎದೆಯಲ್ಲಿರುವುದು ಮೇಲಿನಿಂದಲೇ ತಂದ ಗಾಳಿ. ಅವರಿಗೆ ಈ ತೊಂದರೆಯಿಲ್ಲ. ಅವರು ಮಾಡಬಾರದ್ದು ಬೇರೆ: ಹೆಚ್ಚು ಹೊತ್ತು ಮುಳುಗಬೇಕೆಂದು ಮೊದಲೇ ಜೋರುಜೋರಾಗಿ ಉಸಿರೆಳೆದು ಬಿಡುವುದು. ಹಾಗೆ ಮಾಡಿದರೆ ಉಸಿರು ಬೇಕೆಂಬ ಸೂಚನೆ ತಡವಾಗುತ್ತದೆ, ನೀರೊಳಗೇ ಪ್ರಜ್ಞೆ ತಪ್ಪಬಹುದು.

ಒತ್ತಡ ಮೊದಲು ತಿಳಿಯುವುದು ಕಿವಿಗೆ. ನೋವು ಶುರುವಾಗುವ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ಇಳಿಯುತ್ತ ಮತ್ತೆ ಮತ್ತೆ. ಬಿಡದಿದ್ದರೆ ಒಂದಿಷ್ಟು ಮೇಲೆ ಬಂದು ಪ್ರಯತ್ನಿಸಿ. ನೆಗಡಿ ಇದ್ದ ದಿನ ಇಳಿಯಲೇಬೇಡಿ, ಎಷ್ಟೇ ಹಣ ಕಟ್ಟಿದ್ದರೂ ಸರಿ. ಉಬ್ಬಸ, ಹೃದಯದ ತೊಂದರೆ ಇದ್ದವರೂ ಗರ್ಭಿಣಿಯರೂ ಅದನ್ನು ಡೈವ್‌ಗೆ ಮುಂಚೆ ತುಂಬಿಕೊಡುವ ಆರೋಗ್ಯದ ನಮೂನೆಯಲ್ಲಿ ಮರೆಮಾಚಬಾರದು. ಡೈವ್ ಮಾಡಿದ ಮೇಲೆ ವಿಮಾನ ಹತ್ತುವುದಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು.

ಕೆಳಗೆ ಹೋದಂತೆ ಮೊದಲು ಕೆಂಪು ಬಣ್ಣ ಮಾಯವಾಗಿ ಎಲ್ಲ ನೀಲಿಹಸಿರಾಗುತ್ತದೆ. ಮುಖವಾಡದ ಗಾಜಿನಾಚೆಯ ಮೀನು ಇರುವುದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಚಿಟ್ಟೆಮೀನು, ಕೊಕ್ಕಿನಂಥ ಬಾಯಿಯಿಂದ ಕಲ್ಲಿನ ಪಾಚಿ ಕೆರೆಯುವ ಗಿಳಿಮೀನು, ಬಂಡೆಯ ಸಂದಿಯಲ್ಲಿ ಕಾದು ಕೂತ ಮುರು ಮೀನು, ಇವನ್ನು ನೋಡಲು ಬೆನ್ನಟ್ಟಬೇಕಿಲ್ಲ. ಒಂದೇ ಕಡೆ ನಿಂತು ಉಸಿರಾಡುತ್ತಿದ್ದರೆ ಅವೇ ಹತ್ತಿರ ಬರುತ್ತವೆ.

ಮುಳುಗಿದ ಹಡಗುಗಳೂ ಕಾಲಕ್ರಮದಲ್ಲಿ ಇಂಥ ದಿಬ್ಬಗಳಾಗುತ್ತವೆ. ಆದರೆ ಮುಳುಗಿದ್ದೆಲ್ಲ ನೋಡಲು ಹೋಗುವ ಜಾಗವಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಟಪಾಡಿ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಸುಮಾರು 8,000 ಟನ್ ಉಕ್ಕಿನ ಸುರುಳಿಗಳೊಡನೆ ಮುಳುಗಿತು. ಅದರಲ್ಲಿದ್ದ 15 ಮಂದಿ ಸಿರಿಯಾದ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. 2006ರ ಮೇ 30ರಂದು ಕಾರವಾರದ ಆಯ್ಸ್ಟರ್ ರಾಕ್ ಬಳಿ ಓಷನ್ ಸೆರಾಯ ಎಂಬ ಹಡಗು ಬಂಡೆಗೆ ಸಿಕ್ಕಿ, ಅದರ ಎಣ್ಣೆ ಗೋವೆಯ ತೀರದವರೆಗೂ ಹರಡಿತು. ಇಂಥ ಹಡಗಿನಲ್ಲಿ ಎಣ್ಣೆ, ಹರಿದ ಬಲೆ, ಚೂಪು ತಗಡು ಎಲ್ಲ ಇರುತ್ತವೆ. ದಡದ ಹತ್ತಿರದ ನೀರೂ ಕಲಕಲು. ಹಡಗನ್ನೇ ನೋಡಬೇಕೆನ್ನುವವರು ಸಾಮಾನ್ಯವಾಗಿ ಗೋವೆಯ ಗ್ರಾಂಡೆ ದ್ವೀಪದ ಕಡೆ ಹೋಗುತ್ತಾರೆ. ಅಲ್ಲೂ ಹೊರಗಿನಿಂದ ನೋಡಬೇಕು. ವಿಶೇಷ ತರಬೇತಿಯಿಲ್ಲದೆ ಒಳಗೆ ನುಗ್ಗಬಾರದು.

ನಮ್ಮ ನೀರಿಗೆ ನೇರ ಸಂಬಂಧವಿರುವ ಒಂದು ಹಡಗೂ ಇದೆ, ಅದು ನನಗೆ ಬಹಳ ಪ್ರಿಯವಾದ ಸಂಗತಿ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿದ ಕಪಿಲೆ ಹರಿಯುವುದು ಪೂರ್ವಕ್ಕೆ. ಕಡಲು ಸೇರುವುದು ತಮಿಳುನಾಡಿನ ಪೂಂಪುಹಾರ್‌ನಲ್ಲಿ. ಅಲ್ಲಿನ ಕಡಲಲ್ಲಿ, ಸುಮಾರು 19 ಮೀಟರ್ ಆಳದಲ್ಲಿ, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮುಳುಗುಗಾರರು ಒಂದು ಹಳೆಯ ಹಡಗಿನ ಅವಶೇಷವನ್ನು ಪರಿಶೀಲಿಸಿದರು. ಅದರಲ್ಲಿದ್ದ ಸೀಸದ ಗಟ್ಟಿಗಳ ಮೇಲೆ ಬ್ಲ್ಯಾಕೆಟ್ ಎಂಬ ಇಂಗ್ಲಿಷ್ ಹೆಸರೂ 1791, 1792 ಎಂಬ ಇಸವಿಗಳೂ ಒತ್ತಿದ್ದವು. ಶ್ರೀರಂಗಪಟ್ಟಣವನ್ನು ಕಾರ್ನ್‌ವಾಲಿಸನ ಸೈನ್ಯ ಮುತ್ತಿದ್ದು ಅದೇ 1792ರಲ್ಲಿ. ಹಡಗು ಮುಳುಗಿದ್ದು ಆ ಇಸವಿಗಿಂತ ಹಿಂದಲ್ಲ ಎಂದು ಆ ಗಟ್ಟಿಗಳೇ ಹೇಳುತ್ತವೆ. ಯಾರೋ ಒಬ್ಬರು ಅವನ್ನು ಕದ್ದು ಗುಜರಿಗೆ ಹಾಕಿದ್ದರೆ ಇಷ್ಟೂ ತಿಳಿಯುತ್ತಿರಲಿಲ್ಲ.

ಮೀನು ಹಿಡಿಯುವವರಿಗೆ ಎರಡು ಮಾತು. ಬಂಗುಡೆ, ಬೂತಾಯಿ ತೆರೆದ ಕಡಲಲ್ಲಿ ಗುಂಪುಗುಂಪಾಗಿ ತಿರುಗುವಂಥವು. ಕಲ್ಲನ್ನೇ ನೆಚ್ಚಿ ಬದುಕುವುದು ಮುರು, ಕೆಂಬೇರಿಯಂಥವು. ಮುರು ನಿಧಾನವಾಗಿ ಬೆಳೆಯುತ್ತದೆ. ಅದರ ಬಹಳಷ್ಟು ಜಾತಿಗಳಲ್ಲಿ ಮೀನು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತದೆ. ದೊಡ್ಡದನ್ನೇ ಆರಿಸಿ ಹಿಡಿಯುತ್ತ ಹೋದರೆ ಆ ಕಲ್ಲಿನಲ್ಲಿ ಗಂಡೇ ಉಳಿಯುವುದಿಲ್ಲ. ಕಾಂಕ್ರೀಟಿನ ಪೊಳ್ಳು ಚೌಕಟ್ಟುಗಳನ್ನು ಕಡಲಿಗಿಳಿಸಿ ಕೃತಕ ದಿಬ್ಬ ಮಾಡುವ ಕೆಲಸಕ್ಕೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಾಂತ್ರಿಕ ನೆರವು ಕೊಡುತ್ತಿದೆ. ಅದರಿಂದ ಮೀನು ಸೇರುವುದು ನಿಜ. ಸೇರಿದ್ದನ್ನೆಲ್ಲ ಹಿಡಿದುಬಿಟ್ಟರೆ ಹೆಚ್ಚುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಹೊರಡುವವರಿಗೆ: ಮೈಸೂರಿನ ಮೇಲೆ ಹಾದು ಮುರುಡೇಶ್ವರಕ್ಕೇ ಹೋಗುವ ರೈಲಿದೆ. ಡೈವಿಂಗ್ ಕಾಲ ಸುಮಾರಾಗಿ ಅಕ್ಟೋಬರ್‌ನಿಂದ ಮೇ, ಅದರಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಉತ್ತಮ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ದೋಣಿಯ ಓಲಾಟಕ್ಕೆ ವಾಂತಿ ಬರುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಬೆಳಗ್ಗೆ ಎರಡು ಇಡ್ಲಿ ಸಾಕು. ಮುಂಚೆ ಅಭ್ಯಾಸ ಮಾಡಬೇಕೆನಿಸಿದರೆ ಮೈಸೂರಿನ ಈಜುಕೊಳಕ್ಕೆ ಹೋಗಿ. ತಲಕಾಡಿನ ಮರಳುಗುಂಡಿಗಳಲ್ಲಿ, ಸಂಗಮದ ಸೆಳೆತದಲ್ಲಿ ಮುಖವಾಡ ಹಾಕಿಕೊಂಡು ಕಲಿಯಲು ಹೋಗಬೇಡಿ. ಅಲ್ಲಿ ಈಜು ಬಲ್ಲವರೇ ಜೀವ ಕಳೆದುಕೊಂಡಿದ್ದಾರೆ.