ಈ ಹಳೆಯ ಕೊಡಲಿಯ ಊರು ಯಾವುದು?

ಸೌದೆ ಒಡೆಯುವ ಕೊಡಲಿಯನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೆ ಒಂದು ಕಡೆ ಅಲಗು, ಇನ್ನೊಂದು ಕಡೆ ಮೊಂಡು. ಅಗ್ನಿಶಾಮಕ ದಳದವರ ಕೊಡಲಿ ಹಾಗಲ್ಲ. ಅದರ ಒಂದು ಕಡೆ ಅಲಗಿದ್ದರೆ, ಇನ್ನೊಂದು ಕಡೆ ಹಕ್ಕಿಯ ಕೊಕ್ಕಿನಂತಹ ಚೂಪು ಮೊನೆ ಇರುತ್ತದೆ. ಅಲಗಿನಿಂದ ಬಾಗಿಲು ಕಡಿಯಬಹುದು. ಮೊನೆಯಿಂದ ಬೀಗ ಮೀಟಬಹುದು, ಹಲಗೆ ಎಬ್ಬಿಸಬಹುದು.

ಬ್ರಿಟನ್ ದೇಶದ ಹಳೆಯ ಅಗ್ನಿಶಾಮಕ ಕೊಡಲಿಯೊಂದು, ತುಕ್ಕು ಹಿಡಿದು, ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಅದನ್ನು ಮಾಡಿದವರು ಯಾರು? ಇಟ್ಟುಕೊಂಡಿದ್ದವರು ಯಾರು? ಅದು ಯಾವ ಕಾಲದ್ದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿಯ ಮೇಲೆಯೇ ಇರಬಹುದು. ಹುಡುಕೋಣವೇ?

ಮೊದಲು ಏನು ಮಾಡಬಾರದು?

ಮರಳು ಕಾಗದದಿಂದ ಉಜ್ಜಿ ಫಳಫಳ ಹೊಳೆಯಿಸಬಾರದು. ಬಣ್ಣವನ್ನೂ ಬಳಿಯಬಾರದು. ಕಬ್ಬಿಣದ ಮೇಲೆ ಒತ್ತಿದ ಅಕ್ಷರಗಳು ಹೆಚ್ಚು ಆಳವಾಗಿರುವುದಿಲ್ಲ. ಉಜ್ಜಿದರೆ ತುಕ್ಕಿನ ಜೊತೆ ಅವೂ ಹೋಗುತ್ತವೆ. ಹೋದ ಅಕ್ಷರ ಮತ್ತೆ ಬಾರದು.

ಬದಲಿಗೆ ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಬೆಳಕನ್ನು ಪಕ್ಕದಿಂದ, ಓರೆಯಾಗಿ ಬಿಡಿ. ತಗ್ಗಿನಲ್ಲಿ ನೆರಳು ಬೀಳುತ್ತದೆ. ಮೇಲಿನಿಂದ ಬೆಳಕು ಬಿಟ್ಟಾಗ ಕಾಣದ ಅಕ್ಷರ ಈಗ ಕಾಣುತ್ತದೆ.

ಗುರುತುಗಳು ಏನು ಹೇಳುತ್ತವೆ?

ಮೊಸಳೆಯ ಚಿತ್ರ ಕಂಡರೆ ಅದು ವುಲ್ವರ್‌ಹ್ಯಾಂಪ್ಟನ್ ಊರಿನ ಚಿಲಿಂಗ್ಟನ್ ಕಂಪನಿಯ ಗುರುತು. ಎಲ್ವೆಲ್ ಎಂಬ ಹೆಸರಿದ್ದರೆ ವೆಡ್ನೆಸ್‌ಬರಿ ಊರಿನ ಕುಲುಮೆಯದು. ಇವು ಮಾಡಿದವರ ಗುರುತುಗಳು.

ಮೂರು ಗೆರೆಗಳು ಒಂದೆಡೆ ಕೂಡಿದ ಬಾಣದ ಗುರುತು ಇದ್ದರೆ? ಅದು ಬ್ರಿಟಿಷ್ ಸರ್ಕಾರದ ಸ್ವತ್ತು ಎಂದರ್ಥ. ಕಿರೀಟದ ಜೊತೆ ಎ.ಎಂ. ಎಂದಿದ್ದರೆ ವಾಯು ಸಚಿವಾಲಯದ್ದು. ಈ ಸಚಿವಾಲಯ 1918ರಿಂದ 1964ರವರೆಗೆ ಮಾತ್ರ ಇತ್ತು. ಇವು ಮಾಲೀಕರ ಗುರುತುಗಳು.

ಎನ್.ಎಫ್.ಎಸ್. ಎಂಬ ಮೂರು ಅಕ್ಷರಗಳ ಹಿಂದೆ ದೊಡ್ಡ ಕಥೆಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ, 1940 ಮತ್ತು 1941ರಲ್ಲಿ, ಬ್ರಿಟನ್ನಿನ ನಗರಗಳ ಮೇಲೆ ಬಾಂಬುಗಳು ಬಿದ್ದು ಎಲ್ಲೆಡೆ ಬೆಂಕಿ ಎದ್ದಿತು. ಆಗ ಅಲ್ಲಿ ಸುಮಾರು 1,600 ಬೇರೆ ಬೇರೆ ಅಗ್ನಿಶಾಮಕ ದಳಗಳಿದ್ದವು. ನೆರೆಯೂರಿನವರು ಸಹಾಯಕ್ಕೆ ಓಡಿಬಂದರೂ, ಎಷ್ಟೋ ಕಡೆ ಅವರ ನೀರಿನ ಕೊಳವೆ ಈ ಊರಿನ ಕೊಳವೆಗೆ ಕೂಡುತ್ತಲೇ ಇರಲಿಲ್ಲ! ಕೂಡಿಸುವ ತುದಿಗಳ ಅಳತೆ ಬೇರೆ ಬೇರೆ. ಆದ್ದರಿಂದ 1941ರ ಆಗಸ್ಟ್‌ನಲ್ಲಿ ದಳಗಳನ್ನೆಲ್ಲ ಸೇರಿಸಿ ರಾಷ್ಟ್ರೀಯ ಅಗ್ನಿಶಾಮಕ ಸೇವೆಯನ್ನು ಕಟ್ಟಿದರು. ಆ ಸೇವೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎನ್.ಎಫ್.ಎಸ್. 1948ರಲ್ಲಿ ದಳಗಳನ್ನು ಮತ್ತೆ ಸ್ಥಳೀಯ ಆಡಳಿತಗಳಿಗೆ ಒಪ್ಪಿಸಿದರು.

ಹಾಗಾದರೆ ಈ ಅಕ್ಷರಗಳನ್ನು ಒತ್ತಿದ್ದು 1941 ಮತ್ತು 1948ರ ನಡುವೆ. ಕೊಡಲಿಯ ಮೇಲೆ ವರ್ಷ ಇಲ್ಲದಿದ್ದರೂ ನಮಗೆ ಎರಡು ಗಡಿಗಳು ಸಿಕ್ಕವು.

ಆತುರ ಬೇಡ!

ಕೊಡಲಿಯನ್ನು ಮಾಡಿದ್ದೂ ಆಗಲೇ ಎನ್ನಬಹುದೇ? ಇಲ್ಲ. ಮೊದಲೇ ಇದ್ದ ಕೊಡಲಿಗೆ ಹೊಸ ದಳದವರು ತಮ್ಮ ಗುರುತು ಒತ್ತಿರಬಹುದು. ಮಾಲೀಕರ ಗುರುತು ಯಾರ ಬಳಿ ಇತ್ತು ಎಂದು ಹೇಳುತ್ತದೆಯೇ ಹೊರತು ಯಾವಾಗ ಹುಟ್ಟಿತು ಎಂದು ಹೇಳುವುದಿಲ್ಲ.

ಹಿಡಿಯ ವಿಷಯದಲ್ಲೂ ಎಚ್ಚರ. ಮರದ ಹಿಡಿ ಮುರಿದರೆ ಹೊಸದನ್ನು ಹಾಕುತ್ತಾರೆ. ಹಿಡಿ ಹೊಸದಾದ ಮಾತ್ರಕ್ಕೆ ಕೊಡಲಿ ಹೊಸದಲ್ಲ. ಕೆಲವು ಕೊಡಲಿಗಳ ಹಿಡಿಗೆ ರಬ್ಬರ್ ಹೊದಿಕೆ ಇದ್ದು, 20,000 ವೋಲ್ಟ್‌ಗೆ ಪರೀಕ್ಷಿಸಿದೆ ಎಂದು ಅದರ ಮೇಲೆ ಬರೆದಿರುತ್ತದೆ. ಏಕೆ? ಉರಿಯುವ ಮನೆಯ ಗೋಡೆ ಕಡಿಯುವಾಗ ವಿದ್ಯುತ್ ತಂತಿಗೆ ಏಟು ಬೀಳಬಹುದು. ರಬ್ಬರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಕೊಡಲಿ ಹಿಡಿದವರ ಜೀವ ಉಳಿಯುತ್ತದೆ.

ಒಂದೇ ಗುರುತನ್ನು ನಂಬಿ ತೀರ್ಮಾನಿಸಬೇಡಿ. ಎಲ್ಲ ಗುರುತುಗಳೂ ಒಂದೇ ಮಾತು ಹೇಳಿದಾಗ ನಂಬಿ.

ನೀವೇ ಮಾಡಿ ನೋಡಿ

ನಿಮ್ಮ ಊರಿನ ಅಂಗಡಿಯಲ್ಲಿ ಹಳೆಯ ತೂಕದ ಬಟ್ಟುಗಳಿದ್ದರೆ ಕೇಳಿ ಪಡೆಯಿರಿ. ಬಟ್ಟಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್‌ನಿಂದ ಮೆಲ್ಲಗೆ ಉಜ್ಜಿ. ಅಕ್ಷರಗಳು ಕಾಗದದ ಮೇಲೆ ಮೂಡುತ್ತವೆ. ಕುಡುಗೋಲು, ಮಚ್ಚುಗಳನ್ನು ನೋಡುವುದಾದರೆ ದೊಡ್ಡವರು ಜೊತೆಗಿರಲಿ.

ಈಗ ಒಂದು ಪ್ರಶ್ನೆ. ನಮ್ಮ ದೇಶದಲ್ಲಿ ಸೇರಿನ ಬದಲು ಕಿಲೋಗ್ರಾಂ ತೂಕಗಳು 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬಳಕೆಗೆ ಬಂದವು. 1 ಕಿ.ಗ್ರಾಂ. ಎಂದು ಬರೆದ ಬಟ್ಟನ್ನು ತೋರಿಸಿ, ಇದು 1940ರಿಂದಲೂ ನಮ್ಮ ಅಂಗಡಿಯಲ್ಲಿದೆ ಎಂದು ಅಂಗಡಿಯವರು ಹೇಳಿದರೆ ನೀವು ಒಪ್ಪುತ್ತೀರಾ? ಕಾರಣ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.