ದಾಸೋಹವೂ ದಾಸ್ಯವೂ

ದಾಸೋಹವೆಂಬುದು ವೀರಶೈವರ ಮನೆಮಠಗಳಲ್ಲಿ ನಿತ್ಯವೂ ಕೇಳಿಬರುವ ಮಾತು. ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವ ಬಾಲಕನೂ ಅದನ್ನು ಬಲ್ಲನು. ಆದರೆ ಪದವನ್ನು ಬಿಡಿಸಿ ನೋಡುವ ಜಿಜ್ಞಾಸುವಿಗೆ ಒಂದು ಶಂಕೆಯುಂಟಾಗುತ್ತದೆ. ದಾಸಃ, ಅಹಮ್ ಎಂಬ ಎರಡು ಪದಗಳು ಸಂಧಿಯಿಂದ ಕೂಡಿ ದಾಸೋಹಮ್ ಎಂದಾಗಿ, ಕನ್ನಡದಲ್ಲಿ ದಾಸೋಹವೆಂದು ನಿಂತಿದೆ. ‘ನಾನು ದಾಸನು’ ಎಂಬುದೇ ಅದರ ಶಬ್ದಾರ್ಥ. ಮನುಷ್ಯನನ್ನು ಮನುಷ್ಯನು ಕೊಂಡು, ಮಾರಿ, ಕಟ್ಟಿ ದುಡಿಸುವ ದಾಸ್ಯಕ್ಕೂ ಮೂಲವು ಅದೇ ದಾಸ ಶಬ್ದ. ಹಾಗಾದರೆ ಶರಣಧರ್ಮದ ಪರಮಾದರ್ಶವೂ ಲೋಕದ ಘೋರ ಪಾತಕವೂ ಒಂದೇ ಬೇರಿನಿಂದ ಹುಟ್ಟಿದುವೇ? ದಾಸರಾಗಿರೆಂದು ಬೋಧಿಸಿದ ಧರ್ಮವು ದಾಸ್ಯವನ್ನು ಖಂಡಿಸುವುದು ಹೇಗೆ?

ಪದವಿಚಾರ

ಈ ಶಂಕೆಗೆ ಸಮಾಧಾನವು ವ್ಯಾಕರಣದಲ್ಲಿಯೇ ಇದೆ. ಅಹಮ್ ಎಂಬುದು ಉತ್ತಮ ಪುರುಷದ ಸರ್ವನಾಮ. ಆ ವಾಕ್ಯವನ್ನು ಆಡತಕ್ಕವನು ತಾನೇ ಹೊರತು ಮತ್ತೊಬ್ಬನಲ್ಲ. ಮಗಳ ಪರವಾಗಿ ತಂದೆಯಾಗಲಿ, ಆಳಿನ ಪರವಾಗಿ ಧಣಿಯಾಗಲಿ ಅದನ್ನು ಆಡಲು ಬಾರದು. ‘ನೀನು ದಾಸನು’ ಎಂದೊಡನೆ ಪುರುಷವು ಬದಲಾಗುತ್ತದೆ; ಪುರುಷವು ಬದಲಾದೊಡನೆ ದಾಸೋಹವು ಅಳಿದು ದಾಸ್ಯವು ತಲೆಯೆತ್ತುತ್ತದೆ. ಬಿಜ್ಜಳನ ಭಂಡಾರವನ್ನು ನಿರ್ವಹಿಸುತ್ತಿದ್ದ ಬಸವಣ್ಣನವರು ತಮ್ಮನ್ನು ಆಳುತೊತ್ತುಗಳ ಮನೆತನದೊಡನೆ ಸೇರಿಸಿ ಹೇಳಿಕೊಂಡರು. ಅವರನ್ನು ಹಾಗೆ ಅನ್ನಿಸಿದವರು ಯಾರೂ ಇರಲಿಲ್ಲ. ಮೇಲಿದ್ದವನು ತಾನಾಗಿಯೇ ಕೆಳಗಿಳಿದು ಬಂದದ್ದು ದಾಸೋಹ. ಕೆಳಗಿದ್ದವನನ್ನು ಮತ್ತಷ್ಟು ಕೆಳಕ್ಕೆ ತುಳಿಯುವುದು ದಾಸ್ಯ.

ಕಾಯಕದ ತತ್ತ್ವವೂ ಇದನ್ನೇ ಸಾರುತ್ತದೆ. ಆಯ್ದಕ್ಕಿ ಮಾರಯ್ಯನು ಒಮ್ಮೆ ಮಿತಿಗೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಪತಿಯನ್ನು ಎಚ್ಚರಿಸಿದ ಕಥೆ ಸುಪ್ರಸಿದ್ಧವಾಗಿದೆ. ಕಾಯಕದ ಫಲವು ಕಾಯಕ ಮಾಡಿದವರ ಕೈಗೇ ಬರತಕ್ಕದ್ದು, ಎಷ್ಟು ಸಾಕೆಂಬುದನ್ನು ನಿಶ್ಚಯಿಸುವವರೂ ಅವರೇ ಎಂಬುದು ಆ ಕಥೆಯ ಸಾರ. ಫಲವೂ ನಿಶ್ಚಯವೂ ಪರರ ಪಾಲಾದ ದುಡಿಮೆಗೆ ಎಷ್ಟೇ ಬೆವರು ಸುರಿದರೂ ಕಾಯಕವೆಂಬ ಹೆಸರು ಸಲ್ಲದು. ಅದಕ್ಕೆ ಕನ್ನಡದಲ್ಲಿ ಜೀತವೆಂಬ ಬೇರೆ ಹೆಸರೇ ಇದೆ.

ಹಳೆಯ ರೂಪಗಳು

ತಂದೆ ಮಾಡಿದ ಸಾಲಕ್ಕೆ ಮಗನು ಒಡೆಯನ ಹಟ್ಟಿಯಲ್ಲಿ ದುಡಿದು, ಬಡ್ಡಿಯೂ ತೀರದೆ ಮೊಮ್ಮಗನನ್ನು ಆ ಹಟ್ಟಿಗೇ ಬಿಟ್ಟು ಹೋಗುವ ಪದ್ಧತಿಯು ಈ ನಾಡಿನಲ್ಲಿ ಬಹುಕಾಲ ನಡೆದುಬಂದಿತು. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿತು. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆಯು ಜೀತದಾಳುಗಳನ್ನು ಬಿಡುಗಡೆ ಮಾಡಿದ್ದಲ್ಲದೆ, ಜೀತಕ್ಕೆ ಕಾರಣವಾದ ಸಾಲವನ್ನೇ ಅಳಿಸಿಹಾಕಿತು. 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿಕಾರರ ಪ್ರಕರಣದಲ್ಲಿ, ಹಸಿವೂ ಒಂದು ಬಲಾತ್ಕಾರವೇ ಎಂದು ಎತ್ತಿಹಿಡಿದು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೆಂದು ನಿರ್ಣಯಿಸಿತು. ಸರಪಳಿ ಕಾಣದೆಂದ ಮಾತ್ರಕ್ಕೆ ಬಂಧನವಿಲ್ಲವೆಂದು ಹೇಳಲಾಗದು ಎಂಬುದು ಆ ತೀರ್ಪಿನ ತಾತ್ಪರ್ಯ.

ಇನ್ನೊಂದು ರೂಪವು ದೇವರ ಹೆಸರನ್ನೇ ಹೊತ್ತಿತ್ತು. ದಾವಣಗೆರೆಗೆ ಸಮೀಪವಾಗಿ, ಹರಪನಹಳ್ಳಿ ತಾಲ್ಲೂಕಿನಲ್ಲಿರುವ ಉಚ್ಚಂಗಿದುರ್ಗದಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ರೂಢಿಯಿತ್ತು. ಹರಪನಹಳ್ಳಿಯು 1953ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದುದರಿಂದ ಅಲ್ಲಿಯ 1947ರ ನಿಷೇಧ ಕಾಯಿದೆಯು ಈ ಭಾಗಕ್ಕೂ ಅನ್ವಯಿಸಿತು. 1982ರಲ್ಲಿ ಕರ್ನಾಟಕದ ಶಾಸನಸಭೆಯು ದೇವದಾಸಿ ಸಮರ್ಪಣೆಯನ್ನು ರಾಜ್ಯಾದ್ಯಂತ ನಿಷೇಧಿಸಿತು. ಆದರೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರು ಗುರುತಿಸಲ್ಪಟ್ಟರು. ಇಲ್ಲಿ ದಾಸಿಯೆಂಬ ಪದವನ್ನು ಗಮನಿಸಬೇಕು. ಏನೂ ಅರಿಯದ ಬಾಲೆಯ ಪರವಾಗಿ ಹಿರಿಯರು ‘ಇವಳು ದಾಸಿ’ ಎಂದರು. ಅಲ್ಲಿ ಅಹಮ್ ಎಂದವರೇ ಇಲ್ಲ. ಆದುದರಿಂದ ಅದು ಭಕ್ತಿಯಲ್ಲ, ವಿಕ್ರಯ.

ಇಂದಿನ ರೂಪ

ಇಂದು ಈ ಪಾತಕಕ್ಕೆ ಮಾನವ ಕಳ್ಳಸಾಗಣೆಯೆಂಬ ಹೆಸರು ಬಳಕೆಯಲ್ಲಿದೆ. ಸಾಗಣೆಯೆಂಬ ಪದದಿಂದ ಗಡಿ ದಾಟಿಸಿದರೆ ಮಾತ್ರ ಅಪರಾಧವೆಂಬ ಭ್ರಮೆಯುಂಟಾಗಬಹುದು, ಅದು ಸರಿಯಲ್ಲ. ವಿಶ್ವಸಂಸ್ಥೆಯು 2000ದಲ್ಲಿ ಅಂಗೀಕರಿಸಿ, ಭಾರತವು 2011ರಲ್ಲಿ ಸ್ಥಿರೀಕರಿಸಿದ ಒಪ್ಪಂದದಂತೆ ಇದಕ್ಕೆ ಮೂರು ಅಂಗಗಳು. ಜನರನ್ನು ಸೇರಿಸುವುದು, ಸಾಗಿಸುವುದು, ಇರಿಸಿಕೊಳ್ಳುವುದು ಮೊದಲಾದ ಕ್ರಿಯೆ ಒಂದು. ಬೆದರಿಕೆ, ವಂಚನೆ, ಆಮಿಷಗಳೆಂಬ ಸಾಧನ ಎರಡು. ಶೋಷಣೆಯೆಂಬ ಉದ್ದೇಶ ಮೂರು. ಹದಿನೆಂಟು ತುಂಬದವರ ವಿಷಯದಲ್ಲಿ ಎರಡನೆಯ ಅಂಗವನ್ನು ಸಾಧಿಸಿ ತೋರಿಸುವ ಅಗತ್ಯವೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಪ್ರಕರಣವು ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷಗಳ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ನೊಂದವರು ಒಪ್ಪಿದ್ದರೆಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ವಂಚನೆಯಿಂದ ಪಡೆದ ಒಪ್ಪಿಗೆಯು ಒಬ್ಬನ ಬಾಯಲ್ಲಿ ಇನ್ನೊಬ್ಬನಿರಿಸಿದ ಮಾತಲ್ಲದೆ ಮತ್ತೇನು?

ಇದರ ವ್ಯಾಪ್ತಿಯು ಅಲ್ಪವಲ್ಲ. 2021ರಲ್ಲಿ ಜಗತ್ತಿನಲ್ಲಿ 4.96 ಕೋಟಿ ಜನರು ಆಧುನಿಕ ದಾಸ್ಯದಲ್ಲಿದ್ದರೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮೊದಲಾದುವು ಅಂದಾಜು ಮಾಡಿವೆ. ಅವರಲ್ಲಿ 2.76 ಕೋಟಿ ಜನರು ಬಲವಂತದ ದುಡಿಮೆಯಲ್ಲಿದ್ದವರು, ಉಳಿದವರು ಬಲವಂತದ ವಿವಾಹಕ್ಕೆ ಸಿಕ್ಕಿದವರು. ಈ ನಾಡಿನಲ್ಲಿಯೇ ಮಾಗಡಿ, ರಾಮನಗರಗಳ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಹೆತ್ತವರು ಪಡೆದ ಮುಂಗಡಕ್ಕಾಗಿ ಮಕ್ಕಳು ದುಡಿದ ಸಂಗತಿಯು ಬೆಳಕಿಗೆ ಬಂದಿತ್ತು. ಈಚಿನ ವರ್ಷಗಳಲ್ಲಿ ಓದಿದ ಯುವಕರೂ ಗಣಕಯಂತ್ರದ ಕೆಲಸವೆಂದು ನಂಬಿ ಕಾಂಬೋಡಿಯ, ಮ್ಯಾನ್ಮಾರ್ ದೇಶಗಳಿಗೆ ಹೋಗಿ, ಪಾಸ್‌ಪೋರ್ಟ್ ಕಳೆದುಕೊಂಡು, ಪರರನ್ನು ವಂಚಿಸುವ ಕೆಲಸಕ್ಕೆ ಕಟ್ಟುಬಿದ್ದಿದ್ದಾರೆ. ಅವರಲ್ಲಿ ಕರ್ನಾಟಕದವರೂ ಉಂಟು.

ಗುರುತಿಸುವ ಲಕ್ಷಣಗಳು

ಹರಿಹರವು ತುಂಗಭದ್ರೆಯ ದಡದ ಪುಣ್ಯಕ್ಷೇತ್ರ ಮಾತ್ರವಲ್ಲ, ದೊಡ್ಡ ದಾರಿಗಳ ಊರು. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗವೂ ಪುಣೆಗೆ ಹೋಗುವ ಹೆದ್ದಾರಿಯೂ ದಾವಣಗೆರೆ ಹರಿಹರಗಳನ್ನು ಹಾದುಹೋಗುತ್ತವೆ. ಇಲ್ಲಿಯ ನಿಲ್ದಾಣಗಳಲ್ಲಿ ದಿನವೂ ಸಹಸ್ರಾರು ಜನರು ಇಳಿದು ಹತ್ತುತ್ತಾರೆ. ಅವರಲ್ಲಿ ಮಾರಾಟವಾದವರು ಯಾರೆಂದು ತಿಳಿಯುವ ಬಗೆ ಯಾವುದು?

ಮೊದಲನೆಯ ಲಕ್ಷಣವು ಮಾತಿನದು. ಊರು, ಹೆಸರು, ಹೋಗುವ ಸ್ಥಳಗಳನ್ನು ಕೇಳಿದಾಗ ಬಾಲಕನು ಬಾಯಿ ತೆರೆಯುವ ಮೊದಲೇ ಜೊತೆಯವನು ಉತ್ತರ ಕೊಟ್ಟರೆ, ಅಥವಾ ಬಾಲಕನು ಜೊತೆಯವನ ಮುಖವನ್ನು ನೋಡಿ ಕಂಠಪಾಠದಂತೆ ಒಪ್ಪಿಸಿದರೆ ಸಂದೇಹಪಡತಕ್ಕದ್ದು. ಎರಡನೆಯದು ಪತ್ರಗಳದು: ಆಧಾರ್ ಚೀಟಿ, ಮೊಬೈಲು, ಬ್ಯಾಂಕಿನ ಪುಸ್ತಕಗಳು ದುಡಿಯುವವನ ಬಳಿಯಲ್ಲಿರದೆ ದುಡಿಸುವವನ ವಶದಲ್ಲಿರುವುದು. ಮೂರನೆಯದು ಲೆಕ್ಕದ್ದು: ಎಷ್ಟು ದುಡಿದರೂ ಮುಂಗಡವು ಕರಗದೆ ಬೆಳೆಯುತ್ತಲೇ ಹೋಗುವುದು. ನಾಲ್ಕನೆಯದು ಬಾಗಿಲಿನದು: ಸಂತೆಗಾಗಲಿ, ಹಬ್ಬಕ್ಕಾಗಲಿ, ಬಂಧುಗಳ ಸಾವಿಗಾಗಲಿ ಹೋಗಗೊಡದಿರುವುದು, ಹೋದರೂ ಮನೆಯವರಲ್ಲಿ ಒಬ್ಬರನ್ನು ಒತ್ತೆಯಿರಿಸಿಕೊಳ್ಳುವುದು. ಐದನೆಯದು ಭಾಷೆ ಕೊಟ್ಟ ಕೆಲಸ ಒಂದಾಗಿ, ಮಾಡಿಸುವ ಕೆಲಸ ಮತ್ತೊಂದಾಗಿರುವುದು.

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ನಿರ್ಣಯಕ್ಕೆ ಬರಬಾರದು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ತಮ್ಮ ಇಚ್ಛೆಯಿಂದ ಹೋಗುವ ಬಡವರು ಸಾವಿರಾರು ಮಂದಿ. ಗಂಟು ಹೊತ್ತು ಹೋಗುವವರನ್ನೆಲ್ಲ ತಡೆದು ಪ್ರಶ್ನಿಸುವುದು ಅವರಿಗೆ ಅವಮಾನ. ಬಡತನವು ಲಕ್ಷಣವಲ್ಲ, ಸ್ವಾತಂತ್ರ್ಯವಿಲ್ಲದಿರುವುದೇ ಲಕ್ಷಣ.

ಕರ್ತವ್ಯ

ಸಂದೇಹವು ಬಲವಾದಾಗ ಧಣಿಯೊಡನೆ ಜಗಳಕ್ಕೆ ಹೋಗತಕ್ಕದ್ದಲ್ಲ. ಹೋದರೆ ನೊಂದವರನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಿಬಿಡುವ ಅಪಾಯವುಂಟು. ಕರುಣೆಯಿಂದ ಮುಂಗಡದ ಹಣವನ್ನು ತೀರಿಸಿ ಬಿಡಿಸಿ ತರುವುದೂ ಸಾಧುವಲ್ಲ. ಕಾಯಿದೆಯು ಅಳಿಸಿದ ಸಾಲವನ್ನು ತೀರಿಸಿದರೆ ಮಾರಾಟವನ್ನು ಒಪ್ಪಿದಂತಾಗುತ್ತದೆ, ಆ ಹಣದಿಂದ ಮತ್ತೊಂದು ಜೀವವು ಬಂಧನಕ್ಕೆ ಬೀಳುತ್ತದೆ. ಮಕ್ಕಳ ವಿಷಯದಲ್ಲಿ 1098, ರೈಲಿನಲ್ಲಿ 139, ಉಳಿದಂತೆ 112 ಸಂಖ್ಯೆಗೆ ಕರೆ ಮಾಡಬೇಕು. ಜೀತದ ವಿಷಯದಲ್ಲಿ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ಬಿಡುಗಡೆಯಾದವರಿಗೆ ಬಿಡುಗಡೆ ಪತ್ರವು ದೊರೆಯುವಂತೆ ನೋಡಿಕೊಳ್ಳುವುದೂ ಅವಶ್ಯ; ಪುನರ್ವಸತಿಯ ನೆರವಿಗೆ ಅದೇ ಆಧಾರ.

ಅನಂತರದ ಕರ್ತವ್ಯವು ಇನ್ನೂ ಸೂಕ್ಷ್ಮವಾದುದು. ಬಿಡುಗಡೆಯಾಗಿ ಬಂದ ಹೆಣ್ಣುಮಗಳನ್ನು ಊರು ಹೇಗೆ ಕಾಣುತ್ತದೆ? ಶರಣರ ಗಣದಲ್ಲಿ ಸೂಳೆ ಸಂಕವ್ವೆಯೆಂಬ ವಚನಕಾರ್ತಿಯಿದ್ದಾಳೆ. ಆಕೆಯದಾಗಿ ಉಳಿದಿರುವುದು ಒಂದೇ ವಚನ. ಅದರ ಅಂಕಿತ ನಿರ್ಲಜ್ಜೇಶ್ವರ. ಶರಣಸಮಾಜವು ಆಕೆಯ ಹಿಂದಿನ ಬಾಳನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಆಕೆಯನ್ನು ಹೊರಗಿಡಲೂ ಇಲ್ಲ. ಲೋಕವು ಬೆಲೆ ಕಟ್ಟಿದ್ದ ಹೆಣ್ಣೊಬ್ಬಳು ತನ್ನ ದೇವನೆದುರು ತಾನೇ ಬಾಯಿ ತೆರೆದು ಮಾತನಾಡಿದಳು. ಆ ಮಾತನ್ನು ಶರಣರು ವಚನವೆಂದು ಎತ್ತಿಟ್ಟುಕೊಂಡರು. ಲಜ್ಜೆಯು ಮಾರಿದವರಿಗೂ ಕೊಂಡವರಿಗೂ ಸೇರತಕ್ಕದ್ದು, ಮಾರಾಟವಾದವರಿಗಲ್ಲ.

1913ರಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲು ಮಾಡಿದ್ದು ಇದೇ ದಾವಣಗೆರೆಯಲ್ಲಿ. ಅಂಥ ಊರಿನವರು ದಾಸೋಹದ ಪಂಕ್ತಿಗೆ ಕುಳಿತಾಗ ಒಂದು ಪ್ರಶ್ನೆಯನ್ನು ನೆನೆಯುವುದು ಉಚಿತ: ಈ ಅಕ್ಕಿಯನ್ನು ಬೆಳೆದವರು, ಈ ಮನೆಯ ಇಟ್ಟಿಗೆಯನ್ನು ಸುಟ್ಟವರು, ಈ ಪಾತ್ರೆಯನ್ನು ತೊಳೆಯುತ್ತಿರುವ ಬಾಲೆ, ಇವರೆಲ್ಲರೂ ‘ನಾನು’ ಎಂದು ತಮ್ಮ ಬಾಯಿಂದ ಹೇಳಬಲ್ಲವರೇ? ಹೌದೆಂಬ ಉತ್ತರ ಬಂದಲ್ಲಿ ಮಾತ್ರ ಆ ಅನ್ನವು ಪ್ರಸಾದವಾಗುತ್ತದೆ.